ತಾತನ ಜಾವಾಗೆ ಪಾರ್ಟ್ಸ್ ಬೇಕಾ? ಅಂಗಡಿಗೆ ಹೋಗೋ ಮುಂಚೆ ಇದನ್ನ ಕೇಳಿ

ಹೋದ ವಾರ ಹಾಸನದ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ತಾತನ ಜಾವಾ 250 ಎಷ್ಟೋ ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆಯಂತೆ. ಮೆಕ್ಯಾನಿಕ್ ಒಬ್ರನ್ನ ಕರ್ಕೊಂಡು ಬಂದು ತೋರಿಸಿದ್ದಕ್ಕೆ ಎರಡು ಪುಟದ ಪಟ್ಟಿ ಬರೆದುಕೊಟ್ಟಿದ್ದಾರೆ. ಪಿಸ್ಟನ್, ಕ್ರ್ಯಾಂಕ್, ಬೇರಿಂಗು, ಸೈಲೆನ್ಸರ್ ಎರಡು, ಟ್ಯಾಂಕು, ರಿಮ್ಮು, ಕಾರ್ಬುರೇಟರ್. ಎಲ್ಲದರ ಮುಂದೆಯೂ ಒಂದೇ ಪದ, 'ಹೊಸದು'. ಒಟ್ಟು ಮೊತ್ತ ನೋಡಿ ಅಪ್ಪ "ಗುಜರಿಯವನಿಗೆ ಕೊಟ್ಟು ಕೈತೊಳ್ಕೊಳ್ಳೋಣ" ಅಂದ್ರಂತೆ. "ಅಣ್ಣಾ, ಕಡಿಮೆ ದುಡ್ಡಿಗೆ ಪಾರ್ಟ್ಸ್ ಎಲ್ಲಿ ಸಿಗತ್ತೆ?" ಅಂತ ಅವರ ಪ್ರಶ್ನೆ.

ಎಲ್ಲಿ ಸಿಗತ್ತೆ ಅಂತ ಹೇಳ್ತೀನಿ. ಆದರೆ ಅದಕ್ಕೂ ಮೊದಲು ಆ ಎರಡು ಪುಟದ ಪಟ್ಟಿಯನ್ನೇ ಕೈಗೆತ್ಕೊಳ್ಳಬೇಕು. ನಾನು ನೋಡಿದ ಹಾಗೆ ಹೆಚ್ಚು ದುಡ್ಡು ಉಳಿಯೋದು ಅಲ್ಲೇ.

ಮೊದಲು ಸ್ವಲ್ಪ ಹಿನ್ನೆಲೆ. ಈ ಗಾಡಿ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಅನ್ನೋ ಕಂಪನಿ ಚೆಕೊಸ್ಲೊವಾಕಿಯಾದ ಜಾವಾದಿಂದ ಲೈಸೆನ್ಸ್ ಪಡೆದು, 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ಬೈಕ್ ತಯಾರಿಸೋಕೆ ಶುರು ಮಾಡ್ತು. ಮುಂದೆ ಹೆಸರು ಯೆಜ್ಡಿ ಅಂತಾಯ್ತು. ರೋಡ್‌ಕಿಂಗ್, ಕ್ಲಾಸಿಕ್, ಮೊನಾರ್ಕ್ ಎಲ್ಲ ಆಮೇಲೆ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದ್ರೆ ಕಂಪನಿಯಿಂದ ಸ್ಪೇರ್ಸ್ ಬರೋದು ನಿಂತು ಹತ್ತಿರ ಹತ್ತಿರ ಮೂವತ್ತು ವರ್ಷ. 2018ರಲ್ಲಿ ಜಾವಾ ಅನ್ನೋ ಹೆಸರು, 2022ರಲ್ಲಿ ಯೆಜ್ಡಿ ಅನ್ನೋ ಹೆಸರು ಮತ್ತೆ ಶೋರೂಮಿಗೆ ಬಂತು, ನಿಜ. ಆದರೆ ಅವು ನೀರಿನಿಂದ ತಣ್ಣಗಾಗೋ ಫೋರ್ ಸ್ಟ್ರೋಕ್ ಎಂಜಿನ್‌ಗಳು. ನಿಮ್ಮ ತಾತನ ಟೂ ಸ್ಟ್ರೋಕ್‌ಗೆ ಅಲ್ಲಿಂದ ಏನೂ ಹೊಂದಲ್ಲ. ಶೋರೂಮ್‌ಗೆ ಹೋಗಿ ಕೇಳಿದವರು ಒಬ್ಬಿಬ್ಬರಲ್ಲ, ಅದಕ್ಕೇ ಹೇಳಿದೆ.

ಹಾಗಾಗಿ ಅಂಗಡಿಯವರು "ಒರಿಜಿನಲ್ ಸಾರ್" ಅಂದಾಗ ಯಾವ ಒರಿಜಿನಲ್ ಅಂತ ಕೇಳ್ಬೇಕು. ಆ ಒಂದು ಪದದಲ್ಲಿ ನಾಲ್ಕು ಬೇರೆ ಬೇರೆ ವಸ್ತು ಅಡಗಿದೆ. ಮೈಸೂರು ಕಾರ್ಖಾನೆಯ ಕಾಲದ್ದು, ಯಾರೂ ಬಳಸದೆ ಡಬ್ಬದಲ್ಲೇ ಉಳಿದದ್ದು ಒಂದು. ಇದು ಅಪರೂಪ, ಬೆಲೆ ಜಾಸ್ತಿ. ಬೇರೆ ಹಳೇ ಗಾಡಿಯಿಂದ ಬಿಚ್ಚಿದ ಕಂಪನಿ ಪೀಸ್ ಎರಡನೆಯದು. ಚೆಕ್ ದೇಶದಲ್ಲಿ ತಯಾರಾದದ್ದು ಮೂರನೆಯದು. ನಾಲ್ಕನೆಯದು ನಮ್ಮದೇ ದೇಶದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮಾಡಿದ ಲೋಕಲ್ ಪೀಸ್. ಲೋಕಲ್ ಅಂದ ಕೂಡಲೇ ಮೂಗು ಮುರಿಯೋದು ಬೇಡ. ಫುಟ್‌ರೆಸ್ಟ್ ರಬ್ಬರ್, ಟ್ಯಾಂಕ್ ಪಕ್ಕದ ಮೊಣಕಾಲು ಪ್ಯಾಡ್, ಕೇಬಲ್, ಸೀಟ್ ಕವರ್ ಇವೆಲ್ಲ ಲೋಕಲ್ ಆದ್ರೆ ಏನೂ ನಷ್ಟ ಇಲ್ಲ. ಗೇರು, ಪಿಸ್ಟನ್, ಕ್ರ್ಯಾಂಕ್ ಪಿನ್ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಅಗ್ಗದ ಲೋಹ ಹಾಕಿದ್ರೆ ಅದು ತಾನೊಂದೇ ಹಾಳಾಗಲ್ಲ, ಪಕ್ಕದಲ್ಲಿರೋ ಒಳ್ಳೆಯ ಭಾಗವನ್ನೂ ತಿಂದು ಹಾಕತ್ತೆ.

ಈಗ ಪಟ್ಟಿಗೆ ಬರೋಣ. ಬೇರಿಂಗ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ದುಡ್ಡು ಸುಮ್ಮನೆ ಸೋರೋ ಜಾಗ ಅದು.

"ಜಾವಾ ಬೇರಿಂಗ್ ಇದೆಯಾ" ಅಂತ ಕೇಳಿದ್ರೆ ಒಂದು ರೇಟು. ಅದೇ ಬೇರಿಂಗನ್ನ ನಂಬರ್ ಹೇಳಿ, ಬೇರಿಂಗ್ ಮಾತ್ರ ಮಾರೋ ಅಂಗಡಿಯಲ್ಲಿ ಕೇಳಿದ್ರೆ ಇನ್ನೊಂದು ರೇಟು. ಹಳೇ ಬೇರಿಂಗ್ ತೊಳೆದು ಅದರ ಅಂಚು ನೋಡಿ, ಒಂದು ಸಂಖ್ಯೆ ಕೊರೆದಿರತ್ತೆ. ಉದಾಹರಣೆಗೆ 6305 ಅಂತಿದೆ ಅಂದ್ಕೊಳ್ಳಿ. ಕೊನೆಯ ಎರಡು ಅಂಕಿ 05, ಅದನ್ನ ಐದರಿಂದ ಗುಣಿಸಿ. 25. ಒಳಗಿನ ತೂತು 25 ಮಿಲಿಮೀಟರ್ ಅಂತ ಅರ್ಥ. ಹೊರಸುತ್ತು 62, ದಪ್ಪ 17. ಇದು ಪ್ರಪಂಚದಲ್ಲೆಲ್ಲ ಒಂದೇ ಅಳತೆ, ನೀರಿನ ಪಂಪಿಗೂ ಅದೇ, ಬೈಕಿಗೂ ಅದೇ. ಜಾವಾ ಅನ್ನೋ ಹೆಸರು ತೆಗೆದು ಬರೀ ಸಂಖ್ಯೆ ಹೇಳಿ. ಎಂಜಿನ್ ಒಳಗೆ ಹಾಕೋದಾದ್ರೆ ಸಂಖ್ಯೆಯ ಜೊತೆ 'ಸಿ3' ಅಂತ ಇರಬೇಕಾ ಅಂತ ಹಳೇದನ್ನ ನೋಡ್ಕೊಳ್ಳಿ. ಬಿಸಿಯಾಗಿ ಲೋಹ ಹಿಗ್ಗಿದಾಗ ಬಿಗಿಯಾಗಬಾರದು ಅಂತ ಒಳಗೆ ಸ್ವಲ್ಪ ಹೆಚ್ಚು ಸಡಿಲ ಬಿಟ್ಟಿರೋ ಬೇರಿಂಗ್ ಅದು. ಒಂದು ಎಚ್ಚರಿಕೆ: ಹೆಸರಾಂತ ಕಂಪನಿಗಳ ನಕಲಿ ಬೇರಿಂಗ್ ಮಾರ್ಕೆಟ್ಟಲ್ಲಿ ಬೇಕಾದಷ್ಟಿವೆ. ಇದನ್ನ ಅಧಿಕೃತ ಡೀಲರ್ ಹತ್ತಿರ ಬಿಲ್ ಹಾಕಿಸಿಯೇ ತಗೊಳ್ಳಿ. ಇಲ್ಲಿ ಚೌಕಾಸಿ ಬೇಡ.

ಆಯಿಲ್ ಸೀಲ್‌ದೂ ಇದೇ ಕಥೆ. ಅದರ ಮೇಲೆ ಮೂರು ಸಂಖ್ಯೆ ಇರತ್ತೆ: ಒಳಸುತ್ತು, ಹೊರಸುತ್ತು, ದಪ್ಪ. ಅಳಿಸಿ ಹೋಗಿದ್ರೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಅದನ್ನೊಂದು ಕೊಂಡುಕೊಳ್ಳಿ, ಈ ಇಡೀ ಕೆಲಸದಲ್ಲಿ ಅದಕ್ಕಿಂತ ಲಾಭದ ಖರೀದಿ ಇನ್ನೊಂದಿಲ್ಲ. ಸೀಲ್ ಬಗ್ಗೆ ಇನ್ನೂ ಸ್ವಲ್ಪ ಹೇಳ್ಬೇಕು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರೋ ಕೋಣೆಗೆ ಬಂದು, ಅಲ್ಲಿಂದ ಮೇಲೆ ಹೋಗತ್ತೆ. ಆ ಕೋಣೆಗೆ ಹೊರಗಿನ ಗಾಳಿ ಸೇರಬಾರದು. ಕ್ಲಚ್ ಕಡೆಯ ಸೀಲ್ ಹೋದ್ರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲೋದೇ ಇಲ್ಲ. ಡೈನಮೋ ಕಡೆಯದು ಹೋದ್ರೆ ಗಾಳಿ ನುಗ್ಗಿ ಪೆಟ್ರೋಲ್ ಕಡಿಮೆಯಾಗತ್ತೆ, ಐಡ್ಲಿಂಗ್ ನಿಲ್ಲದೆ ಏರ್ತಾ ಹೋಗತ್ತೆ, ಎಂಜಿನ್ ಕಾದು ಪಿಸ್ಟನ್ ಹಿಡ್ಕೊಂಡುಬಿಡತ್ತೆ. ಈ ಎರಡು ಲಕ್ಷಣ ನೋಡಿ "ರಿಂಗ್ ಹೋಗಿದೆ, ಕಾರ್ಬುರೇಟರ್ ಹೋಗಿದೆ" ಅಂತ ಬದಲಾಯಿಸಿದವರು ಬಹಳ ಜನ. ಒಂದು ಸಣ್ಣ ರಬ್ಬರ್ ಸೀಲ್‌ಗೆ ಪಟ್ಟಿಯಲ್ಲಿರೋ ಎರಡು ಮೂರು ದುಬಾರಿ ಸಾಲುಗಳನ್ನ ಅಳಿಸೋ ಶಕ್ತಿ ಇದೆ. ಹೊಸ ಸೀಲ್ ತರುವಾಗ ವೈಟಾನ್ ಇದ್ರೆ ಅದನ್ನೇ ಕೇಳಿ. ಸ್ವಲ್ಪ ಜಾಸ್ತಿ ಕೊಡ್ಬೇಕು, ಆದರೆ ಬಿಸಿಯನ್ನೂ ಈಗಿನ ಎಥೆನಾಲ್ ಬೆರೆತ ಪೆಟ್ರೋಲನ್ನೂ ಚೆನ್ನಾಗಿ ತಡ್ಕೊಳ್ಳತ್ತೆ.

ಪಿಸ್ಟನ್‌ಗೆ ಬಂದ್ರೆ, ಈ 250ರಲ್ಲಿ ಸಿಲಿಂಡರ್ ಅಗಲ 65 ಮಿಲಿಮೀಟರ್, ಸ್ಟ್ರೋಕ್ 75. ಸಿಲಿಂಡರ್ ಸವೆದಿದ್ರೆ ಒಂದು ಸುತ್ತು ಕೊರೆಸಿ, ಅದಕ್ಕೆ ತಕ್ಕ ಹಾಗೆ ಸ್ವಲ್ಪ ದೊಡ್ಡ ಪಿಸ್ಟನ್ ಹಾಕೋದು ಪದ್ಧತಿ. ಅರ್ಧ ಮಿಲಿಮೀಟರ್ ದೊಡ್ಡದು, ಒಂದು ಮಿಲಿಮೀಟರ್ ದೊಡ್ಡದು ಹೀಗೆ ಹೋಗತ್ತೆ. ಇಲ್ಲಿ ಕ್ರಮ ಮುಖ್ಯ: ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಅದನ್ನೇ ಅಳೆದು ಬೋರಿಂಗ್ ಮಾಡ್ಸಬೇಕು. ಬೋರಿಂಗ್ ಮೊದಲು ಮಾಡಿಸಿ, ಆ ಸೈಜಿನ ಪಿಸ್ಟನ್ ಎಲ್ಲೂ ಸಿಗದೆ, ಕೊನೆಗೆ ಇನ್ನೂ ದೊಡ್ಡದಕ್ಕೆ ಕೊರೆಸಿ, ಸಿಲಿಂಡರಿನ ಅರ್ಧ ಆಯಸ್ಸು ಕಳ್ಕೊಂಡವರಿದ್ದಾರೆ. ಪಿಸ್ಟನ್ ಕೊಳ್ಳುವಾಗ ರಿಂಗ್ ಕೂರೋ ಗಾಡಿಯಲ್ಲಿ ಸಣ್ಣ ಪಿನ್ ಇರತ್ತೆ, ಬೆರಳಿಟ್ಟು ಅಲ್ಲಾಡಿಸಿ ನೋಡಿ. ರಿಂಗ್ ತಿರುಗದ ಹಾಗೆ ಹಿಡಿಯೋದು ಅದೇ. ಅದು ಸಡಿಲ ಇದ್ರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯತ್ತೆ. ಅಂಥ ಪಿಸ್ಟನ್ ಫ್ರೀ ಕೊಟ್ಟರೂ ಬೇಡ.

ಕ್ರ್ಯಾಂಕ್ 'ಹೊಸದು' ಅಂತ ಬರೆದಿದ್ರೆ ಇನ್ನೊಂದು ಸಲ ಕೇಳಿ. ಕನೆಕ್ಟಿಂಗ್ ರಾಡನ್ನ ಮೇಲೆ ಕೆಳಗೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಆಟ ಇರಬಾರದು. ಪಕ್ಕಕ್ಕೆ ಸ್ವಲ್ಪ ಇದ್ದೇ ಇರತ್ತೆ, ಅದಕ್ಕೆ ಹೆದರಬೇಡಿ. ಆಟ ಇದ್ರೂ ಇಡೀ ಕ್ರ್ಯಾಂಕ್ ಎಸೆಯೋದು ಬೇಕಿಲ್ಲ. ಇದು ಭಾಗಗಳನ್ನ ಪ್ರೆಸ್ ಮಾಡಿ ಜೋಡಿಸಿದ ಕ್ರ್ಯಾಂಕ್. ರಾಡು, ಪಿನ್ನು, ರೋಲರ್ ಇರೋ ಕಿಟ್ ಮಾತ್ರ ತಂದು, ಪ್ರೆಸ್ ಇರೋ ಕಡೆ ಬಿಚ್ಚಿಸಿ ಕೂರಿಸಬಹುದು. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೇರ ಇದೆಯಾ ಅಂತ ನೋಡೋರ ಹತ್ತಿರ ಮಾತ್ರ ಕೊಡಿ. ಸುತ್ತಿಗೆಯಲ್ಲಿ ಎರಡು ಬಿಟ್ಟು "ಸರಿ ಹೋಯ್ತು" ಅನ್ನೋರ ಹತ್ತಿರ ಬೇಡ.

ಸೈಲೆನ್ಸರ್, ಟ್ಯಾಂಕ್, ರಿಮ್ ಈ ಮೂರನ್ನ ಹೊಸದು ಕೊಳ್ಳೋ ಮಾತು ಬಂದ್ರೆ ನನಗೆ ಸಂಕಟ ಆಗತ್ತೆ. ಕಾರ್ಖಾನೆಯ ಕಾಲದ ತಗಡು ಈಗಿನ ಎಷ್ಟೋ ಲೋಕಲ್ ಪೀಸ್‌ಗಿಂತ ದಪ್ಪ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ತಡೆಯೋ ಕೊಳವೆ ಅಲ್ಲ, ಅದರ ಒಳಗಿನ ಅಳತೆ ಎಂಜಿನ್ನಿನ ಶಕ್ತಿಯನ್ನೇ ನಿರ್ಧರಿಸತ್ತೆ. ಹೊರಗೆ ಫಳಫಳ ಹೊಳೆಯೋ ಲೋಕಲ್ ಸೈಲೆನ್ಸರ್ ಹಾಕಿದ ಮೇಲೆ ಗಾಡಿ ಏರು ಹತ್ತಲ್ಲ ಅಂತ ಗೋಳಾಡೋರು ಇದ್ದಾರೆ. ಹಳೇದರಲ್ಲಿ ಬಹಳ ಸಲ ಇರೋ ತೊಂದರೆ ಒಳಗೆ ಕಟ್ಟಿದ ಮಸಿ ಅಷ್ಟೇ, ಅದನ್ನ ತೆಗೆಸಿ. ತೂತಾಗಿದ್ರೆ ವೆಲ್ಡ್ ಮಾಡ್ಸಿ, ಆಮೇಲೆ ಕ್ರೋಮ್ ಹಾಕ್ಸಿ. ಕ್ರೋಮ್ ಮಾಡೋರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಕೆಳಗೆ ತಾಮ್ರ, ನಿಕಲ್ ಹಾಕ್ತೀರಾ? ಬರೀ ಮೇಲ್ಪದರ ಹಾಕಿದ್ದು ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯತ್ತೆ. ಟ್ಯಾಂಕ್ ಪೇಂಟ್ ಮಾಡ್ಸೋಕೆ ಮುಂಚೆ ಒಳಗಿನ ತುಕ್ಕು ತೆಗೆಸಿ, ನೀರು ತುಂಬಿ ಸೋರತ್ತಾ ನೋಡಿ. ಬೆಸುಗೆಗೆ ಕೊಡೋ ಮುನ್ನ ಚೆನ್ನಾಗಿ ತೊಳೆಸಿ. ಖಾಲಿ ಟ್ಯಾಂಕ್‌ನಲ್ಲಿ ಉಳಿದಿರೋ ಪೆಟ್ರೋಲ್ ಆವಿ ಸಿಡಿಯತ್ತೆ, ತಮಾಷೆ ಅಲ್ಲ.

ಕಾರ್ಬುರೇಟರ್ ಹಳೇ ಜಿಕಾವ್ ಆಗಿದ್ರೆ ಬಿಸಾಡಬೇಡಿ. ತೊಳೆದು, ಫ್ಲೋಟ್ ಸರಿಯಿದೆಯಾ ನೋಡಿ, ಸ್ಲೈಡ್ ತುಂಬಾ ಲೊಡಲೊಡ ಅನ್ನದಿದ್ರೆ ಜೆಟ್, ಸೂಜಿ ಬದಲಾಯಿಸಿದ್ರೆ ಸಾಕು. ಇನ್ನು ನಟ್ಟು ಬೋಲ್ಟು. ಇಲ್ಲಿ ಜಾವಾ ಮಾಲೀಕರು ಅದೃಷ್ಟವಂತರು. ಹಳೇ ಬುಲೆಟ್‌ಗಳಲ್ಲಿ ಬ್ರಿಟಿಷ್ ಮರೆ, ಹುಡುಕಿ ಹುಡುಕಿ ಸಾಕಾಗತ್ತೆ. ಜಾವಾ ಚೆಕ್ ಮೂಲದ್ದು, ಮೆಟ್ರಿಕ್ ಮರೆ. ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಬಹುಪಾಲು ಸಿಗತ್ತೆ.

ಹೀಗೆ ಅಳಿಸ್ತಾ ಬಂದ್ರೆ ಎರಡು ಪುಟದ ಪಟ್ಟಿ ಅರ್ಧ ಪುಟಕ್ಕೆ ಇಳಿಯತ್ತೆ. ಆ ಅರ್ಧ ಪುಟ ಹಿಡ್ಕೊಂಡು ಎಲ್ಲಿಗೆ ಹೋಗೋದು?

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸ್ಪೇರ್ಸ್ ಅಂಗಡಿಗಳು ಹೊಸ ಸಾಮಾನಿಗೆ, ಶಿವಾಜಿನಗರದ ಗುಜರಿ ಹಳೇದಕ್ಕೆ. ಮೈಸೂರಿಗೆ ಒಂದು ದಿನ ಇಟ್ಕೊಳ್ಳಿ. ಆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು, ಅವರ ಹತ್ತಿರ ಕೆಲಸ ಕಲಿತವರು ಅಲ್ಲಿದ್ದಾರೆ. ಅವರು ಪಾರ್ಟ್ ಕೊಡದಿದ್ರೂ "ಇದನ್ನ ಬದಲಾಯಿಸೋದು ಬೇಡ ಕಣಪ್ಪಾ" ಅಂತ ಒಂದು ಮಾತು ಹೇಳಿದ್ರೆ ಬಸ್ ಚಾರ್ಜು ಗಿಟ್ಟಿದ ಹಾಗೆ. ಚೆನ್ನೈನ ಪುದುಪೇಟೆ, ದಿಲ್ಲಿಯ ಕರೋಲ್ ಬಾಗ್ ಕೂಡ ಹೆಸರಾದ ಜಾಗಗಳೇ, ಆದರೆ ಒಂದೆರಡು ಸಾಮಾನಿಗೆ ಅಷ್ಟು ದೂರ ಹೋಗೋದು ಲೆಕ್ಕಕ್ಕೆ ಬರಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ಯೆಜ್ಡಿ ದಿನ ಅಂತ ಆಚರಿಸ್ತಾರೆ, ನಮ್ಮ ಊರುಗಳಲ್ಲೂ ಸವಾರರು ಸೇರ್ತಾರೆ. ಮನೆಯ ಅಟ್ಟದ ಮೇಲೆ ಎರಡನೇ ಗೇರ್‌ಬಾಕ್ಸ್ ಇಟ್ಕೊಂಡಿರೋ ಜನ ಸಿಗೋದು ಅಲ್ಲೇ.

ಅಂಗಡಿಗೆ ಹೋಗುವಾಗ ಹಳೇ ಪಾರ್ಟ್ ಜೊತೆಗಿರಲಿ. ಫೋಟೋ ಸಾಲದು, ಒಂದೇ ಥರ ಕಾಣೋ ಭಾಗಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಜಾವಾ 250ಕ್ಕೆ 16 ಇಂಚಿನ ಚಕ್ರ, ರೋಡ್‌ಕಿಂಗ್‌ಗೆ 18. ಇಂಥ ವ್ಯತ್ಯಾಸ ಒಳಗೂ ಬಹಳ ಇವೆ. ಇನ್ನೊಂದು ಸಣ್ಣ ಮಾತು, 'ವಿಂಟೇಜ್' ಅನ್ನೋ ಪದ ಬಾಯಿಂದ ಬರದಿರಲಿ. ಬಂದ್ರೆ ರೇಟು ಅಲ್ಲೇ ಏರತ್ತೆ.

ಚೆಕ್‌ನಿಂದ ತರಿಸೋದು? ಹಳೇ ಜಾವಾಗಳಿಗೆ ಅಲ್ಲಿ ಇವತ್ತಿಗೂ ಬಿಡಿಭಾಗ ಮಾಡ್ತಾರೆ, ಗುಣಮಟ್ಟ ಚೆನ್ನಾಗಿರತ್ತೆ. ನಮ್ಮ ಜಾವಾ 250 ಅಲ್ಲಿನ 353 ಅನ್ನೋ ಮಾದರಿಯದು, ಹುಡುಕುವಾಗ ಆ ಸಂಖ್ಯೆ ಹಾಕಿ. ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿದ್ರೆ ಒಬ್ಬರಿಗೆ ಭಾರ. ನಾಲ್ಕು ಜನ ಸೇರಿ ಒಂದೇ ಪಾರ್ಸೆಲ್ ತರಿಸಿದ್ರೆ ಪರವಾಗಿಲ್ಲ. ಆದರೆ ಯೆಜ್ಡಿಯ ಮುಂದಿನ ಮಾಡೆಲ್‌ಗಳಲ್ಲಿ ಇಲ್ಲೇ ಮಾಡಿದ ಬದಲಾವಣೆಗಳಿವೆ, ಅವಕ್ಕೆ ಅಳತೆ ಕೇಳದೆ ಆರ್ಡರ್ ಹಾಕಬೇಡಿ.

ಈಗ ಒಂದು ಗಂಭೀರ ವಿಷಯ. "ಬಿಡಿ ಬಿಡಿಯಾಗಿ ಯಾಕೆ, ಒಂದು ಪೂರ್ತಿ ಎಂಜಿನ್ನೇ ತಗೊಳ್ಳಿ, ಅಗ್ಗ" ಅಂತ ಗುಜರಿಯಲ್ಲಿ ಹೇಳ್ತಾರೆ. ಲೆಕ್ಕದಲ್ಲಿ ಅದು ಅಗ್ಗವೇ. ಆದರೆ ಎಂಜಿನ್ ಕೇಸಿನ ಮೇಲೆ ನಂಬರ್ ಇದೆ, ನಿಮ್ಮ ಆರ್‌ಸಿಯಲ್ಲಿರೋದು ಬೇರೆ ನಂಬರ್. ಎಂಜಿನ್ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಆ ಎಂಜಿನ್ ಕದ್ದ ಗಾಡಿಯದ್ದಾಗಿದ್ರೆ? ಕದ್ದ ಮಾಲು ಅಂತ ಗೊತ್ತಿದ್ದೋ, ಹಾಗೆ ನಂಬೋಕೆ ಕಾರಣ ಇದ್ದೋ ಇಟ್ಕೊಳ್ಳೋದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಲ್ಲಿ ಅಪರಾಧ. ನಂಬರ್ ಉಜ್ಜಿ ಅಳಿಸಿರೋ ಕೇಸ್ ಕಂಡ್ರೆ ಮುಟ್ಟಲೂ ಬೇಡಿ. ಒಳಗಿನ ಗೇರು, ಶಾಫ್ಟು ಬೇಕಿದ್ರೆ ಅಷ್ಟನ್ನ ಮಾತ್ರ, ಅಂಗಡಿಯ ಬಿಲ್ಲಿನ ಜೊತೆ ತಗೊಳ್ಳಿ. ಪೂರ್ತಿ ಗಾಡಿ ಕೊಳ್ಳೋದಾದ್ರೆ ಆರ್‌ಸಿ ಜೊತೆಗೇ ಕೊಳ್ಳಿ, ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ತಾಳೆ ನೋಡಿ.

ಇನ್ನೊಂದು ಕಾರಣಕ್ಕೂ ಮೂಲ ಎಂಜಿನ್ ಉಳಿಸ್ಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ದ್ವಿಚಕ್ರ ವಾಹನಗಳನ್ನ ವಿಂಟೇಜ್ ಅಂತ ನೋಂದಾಯಿಸೋ ನಿಯಮ 2021ರ ಜುಲೈನಲ್ಲಿ ಬಂತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಆ ನೋಂದಣಿ ಮಾಡಿಸಿದ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ. ನಿಮಗೆ ಸಂತೆಗೆ, ಕಾಲೇಜಿಗೆ ಓಡಿಸೋ ಆಸೆ ಇದ್ರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿ.

ಫೋನಲ್ಲಿ ಕೊಳ್ಳೋರಿಗೆ ಒಂದು ಮಾತು. ವಾಟ್ಸಾಪ್ ಗುಂಪಲ್ಲಿ ಒಳ್ಳೆಯ ಸಾಮಾನು ಬರತ್ತೆ, ಮೋಸವೂ ಬರತ್ತೆ. ಒಂದೇ ಫೋಟೋ ಹತ್ತು ಕಡೆ ಓಡಾಡ್ತಿರತ್ತೆ. ನೀವು ಕೇಳಿ: ಇವತ್ತಿನ ತಾರೀಖು ಬರೆದ ಚೀಟಿ ಪಕ್ಕ ಇಟ್ಟು, ವರ್ನಿಯರ್‌ನಿಂದ ಅಳೆಯುತ್ತಾ ಒಂದು ವಿಡಿಯೋ ಕಳಿಸಿ ಅಂತ. ಸಾಮಾನು ನಿಜವಾಗಿ ಕೈಯಲ್ಲಿರೋರು ಎರಡು ನಿಮಿಷದಲ್ಲಿ ಕಳಿಸ್ತಾರೆ. ಇಲ್ಲದವರು "ಅಡ್ವಾನ್ಸ್ ಹಾಕಿ ಬ್ರೋ, ಬೇರೆಯವರು ಕೇಳ್ತಿದ್ದಾರೆ" ಅಂತಾರೆ. ದುಡ್ಡು ಹೋಗೇಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಖರ್ಚಿನ ಕ್ರಮದ ಬಗ್ಗೆ ಹೇಳಿ ಮುಗಿಸ್ತೀನಿ. ಪೇಂಟು, ಕ್ರೋಮು, ಸೀಟು ಕೊನೆಗೆ. ಮೊದಲು ಪಾಯಿಂಟ್, ಕಂಡೆನ್ಸರ್, ಪ್ಲಗ್ ಸರಿ ಮಾಡಿ ಕಿಡಿ ಬರತ್ತಾ ನೋಡಿ. ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟು, ಕಿಕ್ಕರ್ ಮೆಲ್ಲಗೆ ಒತ್ತಿ. ಬಲವಾಗಿ ತುಳಿಯಬೇಡಿ, ಈ ಗಾಡಿಯಲ್ಲಿ ಕಿಕ್ಕರ್ರೇ ಗೇರ್ ಲಿವರ್ ಕೂಡ, ಒಳಗಿನ ಹಲ್ಲು ಮುರಿದ್ರೆ ಎರಡು ಕೆಲಸವೂ ನಿಲ್ಲತ್ತೆ. ಎಂಜಿನ್ ಸಲೀಸಾಗಿ ತಿರುಗಿದ್ರೆ, ಹಳೇ ಪೆಟ್ರೋಲ್ ಪೈಪ್ ತೆಗೆದು ಹೊಸದು ಹಾಕಿ, ಟ್ಯಾಂಕ್ ಬದಲು ಸಣ್ಣ ಬಾಟಲಿಯಿಂದ ಟೂಟಿ ಆಯಿಲ್ ಬೆರೆಸಿದ ಪೆಟ್ರೋಲ್ ಕೊಟ್ಟು ಒಂದು ಸಲ ಸ್ಟಾರ್ಟ್ ಮಾಡಿ ನೋಡಿ. ಹತ್ತಿರದಲ್ಲಿ ಒಂದು ಬಕೆಟ್ ಮರಳು ಇಟ್ಕೊಳ್ಳಿ. ಕೊಟ್ಟಿಗೆಯಲ್ಲಿ ಬೇಡ, ಹುಲ್ಲಿರತ್ತೆ, ಅಂಗಳಕ್ಕೆ ತಳ್ಕೊಂಡು ಬನ್ನಿ. ಆ ಸದ್ದು, ಆ ಹೊಗೆಯ ಬಣ್ಣ ರೆಕಾರ್ಡ್ ಮಾಡಿ ನಮಗೂ ಕಳಿಸಿ. ಪಟ್ಟಿಯಲ್ಲಿ ಇನ್ನೇನು ಉಳೀತು ಅಂತ ಅದನ್ನ ಕೇಳಿ ನೋಡಿ ಮಾತಾಡೋಣ.